ಆರಿದ ದೋಸೆಯ ಪರೀಕ್ಷೆ

ಬೆಂಗಳೂರಿಗೆ ನಮ್ಮ ಶಿಡ್ಲಘಟ್ಟದವರು ಆಸ್ಪತ್ರೆಗೆ ಹೋಗುತ್ತಿದ್ದರು, ಮದುವೆ ಸೀರೆಗೆ ಹೋಗುತ್ತಿದ್ದರು, ಕೋರ್ಟಿಗೆ ಹೋಗುತ್ತಿದ್ದರು. ಹೋದಾಗ ಹಸಿವಾದರೆ ಏನೋ ಒಂದು ತಿಂದು ಬರುತ್ತಿದ್ದರು. ತಿನ್ನುವುದೇ ಕೆಲಸವೆಂದು ಬ್ಯಾಗು ತುಂಬಿಕೊಂಡು ಹೊರಟವರೆಂದರೆ ನಾನು ಮತ್ತು ಅಮ್ಮ. ಅದೂ ದೋಸೆ ತಿನ್ನುವುದಕ್ಕೆ. ದಿನಾ ಬೆಳಗ್ಗೆ ಅರ್ಧ ಊರಿಗೆ ದೋಸೆ ಹುಯ್ದು ಹಾಕುತ್ತಿದ್ದವಳೇ ಅಮ್ಮ. ಅಪ್ಪ ನಮ್ಮನ್ನು ಬಸ್ಸು ಹತ್ತಿಸಿ, ನಗು ತಡೆಯಲಾಗದೆ ಆ ಕಡೆ ತಿರುಗಿಕೊಂಡರು.

ನಮ್ಮ ಮನೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿತ್ತು. ಬೀದಿಯ ಕಡೆಯ ಕೋಣೆಯಲ್ಲಿ ಎರಡು ಬೆಂಚು, ಒಂದು ದೊಡ್ಡ ಕಾವಲಿ. ಅದೇ ಅಮ್ಮನ ಹೋಟೆಲು. ಹೆಸರಿರಲಿಲ್ಲ, ಬೋರ್ಡಿರಲಿಲ್ಲ. ಗೂಡು ಮಾರಲು ಬಂದ ರೈತರು, ಅದನ್ನು ಕೊಂಡು ನೂಲು ತೆಗೆಯುವ ರೀಲರುಗಳು ಅಲ್ಲಿ ಅಕ್ಕಪಕ್ಕ ಕೂತು ತಿಂದು, ಮಾರುಕಟ್ಟೆಯೊಳಗೆ ಹೋಗಿ ಜಗಳವಾಡುತ್ತಿದ್ದರು. ಚಿಂತಾಮಣಿ ಕಡೆಯವರು ತೆಲುಗಿನಲ್ಲಿ ಇನ್ನೊಂದು ದೋಸೆ ಕೇಳಿದರೆ ಅಮ್ಮ ತೆಲುಗಿನಲ್ಲೇ ಗದರಿ ಎರಡು ಹಾಕುತ್ತಿದ್ದಳು.

ಅಲ್ಲಿ ಒಂದು ಕ್ರಮವಿತ್ತು. ಮೊದಲ ದೋಸೆ ಹೇಗೂ ಕಾವಲಿಗೆ ಹಿಡಿದು ಹರಿಯುತ್ತಿತ್ತು. ಅದು ಎದುರು ಮನೆಯ ಹಸುವಿಗೆ. ಎರಡನೆಯದು ಪಕ್ಕದ ನೂಲಿನ ಅಂಗಡಿಯ ಸಾಹೇಬರಿಗೆ. ಬೆಳಗಿನ ನಮಾಜು ಮುಗಿಸಿಕೊಂಡು ನೇರ ಬಂದು ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ ಅವರು ಕೂತರೆ ಆ ದಿನದ ಬೋಣಿಯಾದಂತೆ. ಅವರ ಕೈಗುಣ ಒಳ್ಳೆಯದೆಂದು ಅಮ್ಮ ನಂಬಿದ್ದಳು. ಒಂದು ದಿನ ಅವರಿಗೆ ಜ್ವರ ಬಂದಾಗ ದೋಸೆಯನ್ನು ಮನೆಗೇ ಕಳಿಸಿ, ಅವರು ತಿಂದರೆಂದು ಗೊತ್ತಾದ ಮೇಲೆಯೇ ಮುಂದಿನ ಹಿಟ್ಟು ಹುಯ್ದಳು.

ಆ ಸಾಹೇಬರೇ ಕೋಣೆಯನ್ನು ಬಾಡಿಗೆಗೆ ಕೇಳಿದರು. ಅವರ ಮಗನಿಗೆ ಮೊಬೈಲು ಅಂಗಡಿ ಇಡುವ ಆಸೆ. ಆಗ ಎಲ್ಲರ ಕೈಗೂ ಮೊಬೈಲು ಬರುತ್ತಿದ್ದ ಕಾಲ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಮ್ಮನ ಮೊಣಕಾಲು ನೋವು ಇಡೀ ಬೀದಿಗೆ ಗೊತ್ತಿತ್ತು, ಅದನ್ನು ನೆನೆದು ಸಂಕೋಚದಿಂದಲೇ ಕೇಳಿದ್ದರು. ಅದೇ ವಾರ ಬಸ್‌ಸ್ಟ್ಯಾಂಡಿನ ಹತ್ತಿರ ಬೆಂಗಳೂರು ಶೈಲಿಯ ದೋಸೆ ಎಂದು ಬರೆಸಿಕೊಂಡ ಹೊಸ ಹೋಟೆಲೊಂದು ಶುರುವಾಗಿತ್ತು. ನಮ್ಮ ಬೆಂಚಿನ ಮೇಲೆ ಕೂತು ನಮ್ಮ ದೋಸೆ ತಿನ್ನುತ್ತಲೇ ಗಿರಾಕಿಗಳು, ಏನೇ ಹೇಳಿ ಬೆಂಗಳೂರಿನ ದೋಸೆಯೇ ಬೇರೆ ಎನ್ನುತ್ತಿದ್ದರು. ಅಮ್ಮನ ಮುಖ ಸಣ್ಣದಾಗುತ್ತಿತ್ತು. ಸಾಹೇಬರಿಗೆ ಸೋಮವಾರ ಹೇಳುತ್ತೇನೆಂದಳು.

“ಆ ಬೆಂಗಳೂರು ದೋಸೆ ಎಂಗೈತೋ ತಿಂದು ನೋಡಿಬಿಡಣ ಕಣೇ,” ಎಂದಳು ನನಗೆ. “ನಂದಕ್ಕಿಂತ ಚೆನ್ನಾಗಿದ್ರೆ ಕೋಣೆ ಕೊಟ್ಟು ತೆಪ್ಪಗಾಗ್ತೀನಿ.”

ನಾನು ಆಗ ಚಿಕ್ಕಬಳ್ಳಾಪುರದ ಒಂದು ಆಫೀಸಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟು, ಆರಿದ ಕಾವಲಿಯ ಪಕ್ಕ ಬೆಂಚಿನ ಮೇಲೆ ಕಾಲು ಚಾಚಿದರೆ ಮಾತ್ರ ನನಗೆ ಮನೆ ಸೇರಿದಂತೆ ಅನಿಸುತ್ತಿತ್ತು. ಆ ಕೋಣೆ ಹೋಗುವುದು ನನಗೆ ಸುತರಾಂ ಇಷ್ಟವಿರಲಿಲ್ಲ. ಆದರೆ ಬೆಂಗಳೂರಿನ ತಿಂಡಿ ಎಂದ ಕೂಡಲೇ ಬಾಯಲ್ಲಿ ನೀರೂರಿದ್ದೂ ನಿಜ. ಬೆಣ್ಣೆ ದೋಸೆ, ಖಾರಾಬಾತು, ಜಾಮೂನು ಎಲ್ಲವನ್ನೂ ಮನಸ್ಸಿನಲ್ಲೇ ತಿಂದು ಮುಗಿಸಿ ಶನಿವಾರ ಬಸ್ಸು ಹತ್ತಿದೆ. ದೇವನಹಳ್ಳಿ ದಾಟುವಾಗ ಹೊಸ ವಿಮಾನ ನಿಲ್ದಾಣದ ಕೆಲಸದ ಕೆಂಪು ಧೂಳು ಕಿಟಕಿಯೊಳಗೆ ನುಗ್ಗಿತು. ಅಮ್ಮ ತೊಡೆಯ ಮೇಲಿದ್ದ ಬುತ್ತಿಯನ್ನು ಸೆರಗಿನಿಂದ ಮುಚ್ಚಿದಳು. ತಿನ್ನುವುದಕ್ಕೆಂದು ಹೊರಟವಳು ಹುಳಿಯನ್ನ ಕಟ್ಟಿಕೊಂಡು ಬಂದಿದ್ದಳು, ದಾರಿಯಲ್ಲಿ ಉಪವಾಸ ಬೀಳಬಾರದಲ್ಲ.

ಅಮ್ಮನ ತಂದೆ ರೀಲರು. ಗೂಡಿನ ರಾಶಿ ಕೊಳ್ಳುವಾಗ ಮೇಲಿನದನ್ನು ನೋಡಬಾರದು, ಮೊಣಕೈವರೆಗೆ ಕೈ ಇಳಿಸಿ ತಳದ್ದನ್ನು ತೆಗೆದು ನೋಡಬೇಕು ಎಂದು ಮಗಳಿಗೆ ಕಲಿಸಿದ್ದರು. ಅಮ್ಮ ಆ ಪಾಠವನ್ನು ಯಾವುದಕ್ಕೂ ಬಿಟ್ಟವಳಲ್ಲ. ಟೊಮೆಟೊ ಮಾರುವವರು ಅವಳನ್ನು ಕಂಡರೆ ಬುಟ್ಟಿಗೆ ಗೋಣಿ ಮುಚ್ಚುತ್ತಿದ್ದರು. ನನಗೆ ಗಂಡು ನೋಡಲು ಹೋದಾಗ ನಡುಮನೆಯಲ್ಲಿ ಕೂರದೆ ಸೀದಾ ಅವರ ಹಿತ್ತಲಿಗೆ ನಡೆದಿದ್ದಳು. ಆ ಸಂಬಂಧ ಕೂಡಿಬರಲಿಲ್ಲ.

ಮಲ್ಲೇಶ್ವರದ ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡು ಸಂಜೆ ಹೆಸರುವಾಸಿಯಾದ ಒಂದು ಹೋಟೆಲಿಗೆ ಹೋದೆವು. ಬಾಗಿಲಿಗೇ ತುಪ್ಪದ ವಾಸನೆ ಬಂತು. ನಾನು ಒಳಗೆ ಕಾಲಿಡುವಷ್ಟರಲ್ಲಿ ಅಮ್ಮ ತಡೆದಳು. ಈಗ ಹೊಸ ಹಿಟ್ಟಿರುತ್ತದೆ, ಹೊಸ ಹಿಟ್ಟಿನಲ್ಲಿ ಯಾರು ಹುಯ್ದರೂ ಚೆನ್ನಾಗಿಯೇ ಬರುತ್ತದೆ, ಪಾತ್ರೆಯ ತಳಕ್ಕೆ ಬರಲಿ ಎಂದಳು. ಗೂಡಿನ ಪಾಠ. ಹೂವಿನ ಅಂಗಡಿಗಳನ್ನು ಸುತ್ತಿದೆವು, ದೇವಸ್ಥಾನ ಸುತ್ತಿದೆವು, ತರಕಾರಿಯವರ ಹತ್ತಿರ ಸುಮ್ಮಸುಮ್ಮನೆ ಬೆಲೆ ಕೇಳಿದೆವು. ತಿರುಗಿ ಬಂದಾಗ ಹೋಟೆಲಿನವರು ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ಹಾಕುತ್ತಿದ್ದರು. ಹಿಟ್ಟು ಮುಗಿದಿತ್ತು.

“ತಳ ಕಾಣಿಸ್ತಲ್ಲ, ಸಮಾಧಾನ ಆಯ್ತಾ?” ಎಂದೆ. ಹಸಿದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಮಹಾನಗರದಲ್ಲಿ ಆ ರಾತ್ರಿ ಶಿಡ್ಲಘಟ್ಟದ ಹುಳಿಯನ್ನ ತಿಂದು ಮಲಗಿದೆವು.

ಭಾನುವಾರ ಬೆಳಗ್ಗೆ ಗಾಂಧಿಬಜಾರಿನ ಇನ್ನೊಂದು ಹೋಟೆಲಿಗೆ ಹೋಗುವ ಮುಂಚೆ ನಾನು ಕರಾರು ಹಾಕಿದೆ: ಹೋದ ಕೂಡಲೇ ಕೂರಬೇಕು, ತಂದ ಕೂಡಲೇ ತಿನ್ನಬೇಕು. ಅಮ್ಮ ಒಪ್ಪಿದಳು. ಜನವೋ ಜನ. ತಿನ್ನುತ್ತಿದ್ದವರ ಬೆನ್ನ ಹಿಂದೆಯೇ ನಿಂತು, ಅವರ ಕೊನೆಯ ತುತ್ತನ್ನು ಕಣ್ಣಲ್ಲೇ ನುಂಗಿ, ಜಾಗ ಹಿಡಿದೆವು. ದೋಸೆ ಬಂತು. ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ಬೆಣ್ಣೆ ಇನ್ನೂ ಕರಗುತ್ತಿತ್ತು. ನನ್ನದು ಅರ್ಧ ಮುಗಿಯಿತು. ಅಮ್ಮ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ತನ್ನ ತಟ್ಟೆಯನ್ನು ನೋಡುತ್ತ ಕೂತಿದ್ದಳು.

ಬಡಿಸುವವರು ಬಂದು, ಏನಾದರೂ ಬಿದ್ದಿದೆಯೇ ಎಂದು ತಟ್ಟೆಗೆ ಬಗ್ಗಿ ನೋಡಿದರು.

“ಏನೂ ಇಲ್ಲಪ್ಪ, ಆರ್ಲಿ ಅಂತ ಬಿಟ್ಟಿದ್ದೀನಿ,” ಎಂದಳು ಅಮ್ಮ. “ಬಿಸೀಲಿ ಎಲ್ಲಾ ಚೆನ್ನಾಗೇ ಇರ್ತದೆ. ಆರಿದ ಮೇಲೆ ದೋಸೆ ಬಂಡವಾಳ ಗೊತ್ತಾಗೋದು.”

ಅಕ್ಕಪಕ್ಕದವರು ತಿರುಗಿ ನೋಡಿದರು. ನನಗೆ ನಾಚಿಕೆಯೂ ಆಯಿತು, ಕೋಪವೂ ಬಂತು. ಅಷ್ಟರಲ್ಲಿ ನಾನು ಹೇಳಿದ್ದ ಎರಡನೆಯ ದೋಸೆ ಬಂತು. ಅದನ್ನು ಅವಳ ಮುಂದೆ ತಳ್ಳಿ, ಅವಳ ಆರಿದ ದೋಸೆಯನ್ನು ನನ್ನ ಕಡೆ ಎಳೆದುಕೊಂಡು, ಈಗ ನೀನು ತಿನ್ನದಿದ್ದರೆ ಎದ್ದು ಹೋಗುತ್ತೇನೆಂದೆ. ಅಮ್ಮ ಒಂದು ಚೂರು ಮುರಿದು ಬಾಯಿಗಿಟ್ಟಳು. ಆಮೇಲೆ ತಲೆ ಎತ್ತಲಿಲ್ಲ. ಚಟ್ನಿ ಕೇಳಲಿಲ್ಲ, ನೀರು ಕೇಳಲಿಲ್ಲ. ತಟ್ಟೆ ಖಾಲಿಯಾದಾಗ ಬೆರಳು ನೆಕ್ಕಿ ಬಾಗಿಲ ಕಡೆ ನೋಡುತ್ತ ಕೂತಳು.

“ನಂದು ಇದರ ಹತ್ರಕ್ಕೂ ಬರಲ್ಲ ಬಿಡು,” ಎಂದಳು.

ಅಲ್ಲಿಂದ ಅಮ್ಮ ಬೇರೆಯೇ ಹೆಂಗಸಾದಳು. ಪರೀಕ್ಷೆ ಮುಗಿಸಿದ ಹುಡುಗಿಯ ಹಾಗೆ ಕಂಡಕಂಡದ್ದನ್ನೆಲ್ಲ ಕೇಳಿ ತಿಂದಳು. ಖಾರಾಬಾತು ತಿಂದಳು, ಜಾಮೂನು ತಿಂದಳು, ವಿ.ವಿ. ಪುರದ ಬೀದಿಯಲ್ಲಿ ನಿಂತುಕೊಂಡೇ ಹೋಳಿಗೆ ತಿಂದು ತುಪ್ಪ ಸಾಲದೆಂದು ಇನ್ನಷ್ಟು ಹಾಕಿಸಿಕೊಂಡಳು. ಯಾವುದರ ತಳವನ್ನೂ ಕೆದಕಲಿಲ್ಲ. ನಾನೂ ಹೊಟ್ಟೆ ಬಿರಿಯ ತಿಂದೆ. ಆದರೆ ಇಷ್ಟು ವರ್ಷ ನಿಂತ ಕಾಲಿನಲ್ಲಿ ಮಾಡಿದ ಕೆಲಸವನ್ನು ಒಂದು ತಟ್ಟೆ ದೋಸೆಯ ಮುಂದೆ ಅವಳು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ನನಗೆ ಸಹಿಸಲಾಗಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ, ಸಾಹೇಬರ ಮಗ ಅಂಗಡಿಗೆ ಗಾಜಿನ ಬೀರು ಎಲ್ಲಿಡಬಹುದೆಂದು ಅವಳೇ ಲೆಕ್ಕ ಹಾಕತೊಡಗಿದಳು. ನಡುವೆ, “ಕಾವಲಿಯಿಂದ ಆಗ್ತಾನೆ ಇಳಿಸಿದ ದೋಸೆ ತಿಂದು ಎಷ್ಟು ಕಾಲ ಆಗಿತ್ತೋ ಕಣೇ. ನಮ್ಮಮ್ಮ ಹಾಕ್ಕೊಟ್ಟಿದ್ದೇ ಕೊನೆ ಅನ್ಸುತ್ತೆ,” ಎಂದು ಕಿಟಕಿಗೆ ಒರಗಿ ನಿದ್ದೆ ಹೋದಳು.

ನನ್ನ ನಿದ್ದೆ ಹಾರಿಹೋಯಿತು. ಅಮ್ಮ ತಿನ್ನುತ್ತಿದ್ದದ್ದು ದಿನದ ಕಟ್ಟಕಡೆಯ ದೋಸೆ. ಗಿರಾಕಿಗಳೆಲ್ಲ ಹೋದ ಮೇಲೆ ಪಾತ್ರೆಗೆ ನೀರು ಹಾಕಿ ಬಳಿದ ಹಿಟ್ಟನ್ನು ಹುಯ್ದು, ಅದನ್ನು ಮುಚ್ಚಿಟ್ಟು, ಕೋಣೆ ಗುಡಿಸಿ, ಕಾವಲಿ ಉಜ್ಜಿ, ಆಮೇಲೆ ನಿಂತುಕೊಂಡೇ ತಿನ್ನುತ್ತಿದ್ದಳು. ನಾವೆಲ್ಲ ತಿನ್ನುತ್ತಿದ್ದ ದೋಸೆಯನ್ನು ಅವಳು ತಿಂದೇ ಇರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದರೆ ಅವಳು ವಾದಕ್ಕೆ ನಿಲ್ಲುತ್ತಾಳೆ, ವಾದದಲ್ಲಿ ನಾನು ಗೆದ್ದದ್ದಿಲ್ಲ.

ಅಪ್ಪ ಅಕ್ಕಿ, ಉದ್ದು ನೆನೆಹಾಕಿದ್ದರು. ಕೊನೆಯ ದಿನವೆಂದು ಅಮ್ಮ ಎಂದಿಗಿಂತ ಹೆಚ್ಚು ಜತನದಿಂದ ರುಬ್ಬಿದಳು. ಸೋಮವಾರ ನಾನು ಆಫೀಸಿಗೆ ತಡವಾಗುತ್ತದೆಂದು ತಿಳಿಸಿ ಕಾವಲಿಯ ಹತ್ತಿರವೇ ನಿಂತೆ. ಮೊದಲ ದೋಸೆ ಹರಿದು ಹಸುವಿಗೆ ಹೋಯಿತು. ಎರಡನೆಯದನ್ನು ಅಮ್ಮ ತಟ್ಟೆಗೆ ಇಳಿಸಿದ್ದೇ ತಡ, ಒಲೆ ಆರಿಸಿ, ಅವಳ ಭುಜ ಹಿಡಿದು ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ ಕೂರಿಸಿ ತಟ್ಟೆಯನ್ನು ಮುಂದಿಟ್ಟೆ.

ಅದು ಸಾಹೇಬರದು, ಬೋಣಿ ಕೆಡುತ್ತದೆ ಎಂದು ಅವಳು ಏಳಲು ಹೋದಳು. ನಾನು ಭುಜ ಬಿಡಲಿಲ್ಲ.

“ಆರೋಕೆ ಮುಂಚೆ ತಿನ್ನಮ್ಮ,” ಎಂದೆ.

ಒಂದು ಚೂರು ತಿಂದಳು. ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಗಾಂಧಿಬಜಾರಿನಲ್ಲಿ ಬಗ್ಗಿದಂತೆಯೇ ತಟ್ಟೆಯ ಮೇಲೆ ಬಗ್ಗಿದಳು. ನನ್ನ ಕಣ್ಣು ತುಂಬಿಬಂತು. ಒಲೆ ಹಚ್ಚುವ ನೆಪದಲ್ಲಿ ಈ ಕಡೆ ತಿರುಗಿಕೊಂಡೆ.

ಸಾಹೇಬರು ಬಂದದ್ದು ಆಗಲೇ. ತಮ್ಮ ಜಾಗದಲ್ಲಿ ಅಮ್ಮ ಕೂತು ತಿನ್ನುತ್ತಿರುವುದನ್ನು ಕಂಡು ಹೊಸಿಲಲ್ಲೇ ನಿಂತರು. ಟೋಪಿ ಸರಿಮಾಡಿಕೊಂಡು, ಕೋಣೆಯ ವಿಷಯ ಏನು ಮಾಡಿದಿರಮ್ಮ ಎಂದು ಮೆಲ್ಲಗೆ ಕೇಳಿದರು.

ಅಮ್ಮನ ಬಾಯಿ ತುಂಬ ದೋಸೆಯಿತ್ತು. ಕೈ ತೋರಿಸಿ ಕಾಯಲು ಹೇಳಿದಳು. ಅವಸರವಿಲ್ಲದೆ ಕೊನೆಯ ಚೂರಿಗೆ ತಟ್ಟೆಯ ಚಟ್ನಿಯನ್ನೆಲ್ಲ ಬಳಿದುಕೊಂಡು ತಿಂದಳು. ನುಂಗಿ, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು.

“ಕೂತ್ಕೊಳಿ ಸಾಹೇಬ್ರೆ,” ಎಂದಳು. “ನಾಳೆಯಿಂದ ನಿಮ್ದು ಮೂರನೇ ದೋಸೆ.”