ಕುನಿ ಅಜ್ಜಿ ಕುಡಿದ ನೀರು

“ಮಧ್ಯಾಹ್ನ ಊಟದ ತಟ್ಟೆ ಎತ್ತೋಕೆ ಹೋದೆ ದಿದಿ. ಅಜ್ಜಿ ಬಾಯಿ ಬಿಟ್ಕೊಂಡೇ ಮಲಗಿದ್ಳು. ಉಸಿರು ಒಂದ್ಸಲ ಬರೋದು, ಆಮೇಲೆ ಇನ್ನೊಂದ್ಸಲ ಬರುತ್ತೋ ಇಲ್ವೋ ಅಂತ ನಾವು ಕಾಯ್ಬೇಕು. ಊರಲ್ಲಿ ನಮ್ಮಜ್ಜ ಹೋಗುವಾಗ್ಲೂ ಹೀಗೇ ಇತ್ತು, ಆ ಉಸಿರು ನಂಗೊತ್ತು. ಹತ್ರ ಹೋಗಿ ಕೈ ಹಿಡಿದೆ. ಕಣ್ಣು ಬಿಟ್ಟು ‘ನೀರು’ ಅಂದ್ಳು. ಇವರ ಭಾಷೆಲಿ ನಂಗೆ ಎಷ್ಟೋ ಮಾತು ಬರಲ್ಲ, ನೀರು ಬರುತ್ತೆ. ಪಕ್ಕದಲ್ಲಿ ಆ ಗಟ್ಟಿ ಚಹಾ ಇತ್ತು, ಕೊಡೋಕೆ ಹೋದ್ರೆ ಮುಖ ತಿರುಗಿಸಿದ್ಳು. ಮತ್ತೆ ‘ನೀರು’ ಅಂದ್ಳು. ಹೋಗೋ ಜೀವ ದಿದಿ, ಒಣ ಬಾಯಲ್ಲಿ ಹೇಗೆ ಕಳಿಸೋದು? ನಲ್ಲಿ ನೀರು ಹಿಡಿದು ಚಮಚದಲ್ಲಿ ಬಿಟ್ಟೆ. ಒಂದ್ಸಲ ಕೆಮ್ಮಿದ್ಳು, ಅಷ್ಟೇ. ಆಮೇಲೆ ತುಟಿ ಚಪ್ಪರಿಸಿ, ನನ್ನ ಕೈ ಒತ್ತಿ, ಹಾಲು ಕುಡಿದ ಮಗು ಹಾಗೆ ಮಲಗಿದ್ಳು. ಸಂಜೆ ಹೊತ್ತಿಗೆ ಹಾಗೇ ಹೋದ್ಳು. ನರಳಲಿಲ್ಲ, ಒದ್ದಾಡಲಿಲ್ಲ. ಅವಳ ಮಗಳಿಗೆ ಇದೊಂದು ಗೊತ್ತಾಗ್ಬೇಕು. ನನ್ನ ಕೆಲಸ ಹೋದ್ರೆ ಹೋಗ್ಲಿ.”

ದೀಲ್‌ಮಾಯಾ ಪುನ್ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ್ದು ತನ್ನ ನೇಪಾಳಿಯಲ್ಲಿ, ತನ್ನ ಕೋಣೆಯಲ್ಲಿ, ಸೀಮೆಎಣ್ಣೆ ಒಲೆಯ ಮುಂದೆ ಕೂತು. ಕೇಳುತ್ತಿದ್ದವಳು ಕಮ್ಸರಿ, ಅದೇ ಕೋಣೆಯಲ್ಲಿರುವ, ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಮೂಲಂಗಿ ಹೆಚ್ಚುವ ಹೆಂಗಸು. ಮಾತು ಎಲ್ಲಿಯೂ ತಡವರಿಸಲಿಲ್ಲ. ಅದೇ ಮಾತನ್ನು ಮರುದಿನ ಜಪಾನೀ ಭಾಷೆಯಲ್ಲಿ, ಸತ್ತ ಅಜ್ಜಿಯ ಮಗಳ ಮುಂದೆ ಹೇಳಬೇಕಿತ್ತು.

ಜಪಾನಿನ ಹಿಮದ ಊರಾದ ಯೊಕೋಟೆಯ ಆ ವೃದ್ಧಾಶ್ರಮಕ್ಕೆ ದೀಲ್‌ಮಾಯಾ ಬಂದದ್ದು ಓದುತ್ತಲೇ ಕೆಲಸ ಮಾಡಲು. ಬೆಳಿಗ್ಗೆ ಶುಶ್ರೂಷೆಯ ಶಾಲೆ, ಮಧ್ಯಾಹ್ನದಿಂದ ಮುದುಕರ ಸೇವೆ. ಪುಸ್ತಕದ ಭಾಷೆ ಅವಳಿಗೆ ಅಷ್ಟಿಷ್ಟು ಬರುತ್ತಿತ್ತು. ಆದರೆ ಅಲ್ಲಿಯ ಮುದುಕರು ಪುಸ್ತಕದ ಹಾಗೆ ಮಾತಾಡುವವರಲ್ಲ. ಹಿಮಕ್ಕೆ ಹೆದರಿ ಬಾಯಿ ತೆರೆಯದೆ ಮೂಗಿನಲ್ಲೇ ಮಾತು ಮುಗಿಸುವವರು. ಅರ್ಥವಾಗದಾಗಲೆಲ್ಲ ಅವಳು ತಲೆಯಾಡಿಸಿ “ಹೌದು” ಅನ್ನುತ್ತಿದ್ದಳು. ಶಾಲೆಯಲ್ಲಿ ಹಾಗೇ ಹೇಳಿಕೊಟ್ಟಿದ್ದರು: ಎದುರಿನವರ ಮುಖ ನೋಡು, ಹೌದು ಅನ್ನು, ಬೇಸರ ಮಾಡಬೇಡ.

ಕುನಿ ಅಜ್ಜಿಗೆ ಮಾತ್ರ ಆ ಹೌದು ನಡೆಯುತ್ತಿರಲಿಲ್ಲ. “ಏ ಹಿಮಾಲಯ, ನಾನು ಚೆಲುವೆ ಅಲ್ವೇನೇ?” ಅಂದರೆ ಹೌದು. “ನಾನು ಕತ್ತೆ ಅಲ್ವೇನೇ?” ಅಂದರೂ ಹೌದು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಗುವಳು. ಕಿಟಕಿಯಾಚೆಯ ಹಿಮದ ರಾಶಿ ತೋರಿಸಿ, ಸಲಿಕೆ ಹಿಡಿದಂತೆ ಕೈಯಾಡಿಸಿ, “ನಿಮ್ಮೂರಲ್ಲಿ ಇದು ಸಾಲ್ಲಿಲ್ಲಾಂತ ಇಲ್ಲಿಗೆ ಬಂದ್ಯಾ?” ಅನ್ನುವಳು. ಗಂಟಲು ಸರಿಯಾಗಿ ನುಂಗುತ್ತಿರಲಿಲ್ಲವಾದ್ದರಿಂದ, ಉಸಿರಿನ ದಾರಿಗೆ ಇಳಿದೀತೆಂದು, ಅವಳಿಗೆ ಬರಿ ನೀರು ಕೊಡುವಂತಿರಲಿಲ್ಲ. ಚಹಾಕ್ಕೂ ಮಂದ ಮಾಡುವ ಪುಡಿ ಕಲಸಿ, ಗಂಜಿಯ ಹಾಗೆ ಗಟ್ಟಿ ಮಾಡಿ ಕೊಡಬೇಕು. “ಗೋಡೆಗೆ ಕಾಗದ ಅಂಟಿಸೋ ಗೋಂದು ಇದು, ನನ್ನ ಹೊಟ್ಟೆಗ್ಯಾಕೆ?” ಎಂದು ಅಜ್ಜಿ ದಿನವೂ ಗೊಣಗುತ್ತಿದ್ದಳು.

ಅಜ್ಜಿ ಹೋದ ಸಂಜೆ ಸೆಂದಾಯಿ ನಗರದಿಂದ ಮಗಳು ಮಿತ್ಸುಕೊ ಬಂದರು. ದೀಲ್‌ಮಾಯಾ ಬಾಗಿಲ ಬಳಿ ನಿಂತು ನೋಡಿದಳು. ಮಿತ್ಸುಕೊ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಬಟ್ಟಲಿನ ನೀರಿನಲ್ಲಿ ಅದ್ದಿ, ತಾಯಿಯ ತುಟಿಯನ್ನು ಒದ್ದೆ ಮಾಡಿದರು. ಒಮ್ಮೆ ಮೇಲಿನ ತುಟಿ, ಒಮ್ಮೆ ಕೆಳಗಿನದು. ದೀಲ್‌ಮಾಯಾಳ ಎದೆ ಹಗುರಾಯಿತು. ಇವರಲ್ಲೂ ಹೋಗುವವರಿಗೆ ನೀರು ಕೊಡುತ್ತಾರೆ. ಹಾಗಾದರೆ ಹೇಳಿದರೆ ತಿಳಿಯುತ್ತದೆ.

ಚಮಚ ಮತ್ತು ಲೋಟ ನೋಡಿ ಆ ಮಹಡಿಯ ಮೇಲ್ವಿಚಾರಕಿ ಕುಡೋ ಕೇಳಿದಾಗ ದೀಲ್‌ಮಾಯಾ ಮುಚ್ಚಿಡಲಿಲ್ಲ. “ನೀರು, ನಾನು” ಎಂದಿದ್ದಳು. ಸಾವಿಗೆ ಕಾರಣ ನೀರಲ್ಲ, ವಯಸ್ಸು ಎಂದು ವೈದ್ಯರು ಹೇಳಿದರು. ಆದರೂ ಬೇಡವೆಂದದ್ದನ್ನು ಕೊಟ್ಟದ್ದಕ್ಕೆ ಮನೆಯವರ ಮುಂದೆ ನಿಂತು ಉತ್ತರ ಕೊಡಬೇಕಾಗಿತ್ತು.

“ಮೊದಲು ಬಗ್ಗು ಬಹಿನಿ,” ಎಂದಳು ಕಮ್ಸರಿ, ತಂಗಿಗೆ ಹೇಳುವ ಹಾಗೆ. “ಸೊಂಟ ಮುರಿಯೋ ಹಾಗೆ ಬಗ್ಗು. ತಪ್ಪಾಯ್ತು ಅನ್ನು. ಸಿಟ್ಟು ಇಳಿದ ಮೇಲೆ ವಿಷಯ ಹೇಳು. ಕಾರ್ಖಾನೆಲಿ ನಾನು ಹಾಗೇ ಮಾಡೋದು.”

“ಮೂಲಂಗಿ ಕೆಟ್ಟದ್ದಕ್ಕಾ?”

“ಮೂಲಂಗಿಯಾದ್ರೇನು, ಮುದುಕಿಯಾದ್ರೇನು? ಬಗ್ಗೋದು ಒಂದೇ.”

ಇಬ್ಬರೂ ಕೂತು ಬೇಕಾದ ಮಾತುಗಳನ್ನು ಹುಡುಕಿ ಹುಡುಕಿ ಬಾಯಿಪಾಠ ಮಾಡಿದರು.

ಮರುದಿನ ಆಶ್ರಮದ ಚಿಕ್ಕ ಕೋಣೆಯಲ್ಲಿ ಮಿತ್ಸುಕೊ ಮತ್ತು ಕುಡೋ ಕೂತಿದ್ದರು. ನೆಲ ಒರೆಸುವ ಮುದುಕಿ ತೋಮೆ ಚಹಾ ತಂದಿಡುತ್ತಿದ್ದಳು. ದೀಲ್‌ಮಾಯಾ ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿ, ಸೊಂಟ ಬಗ್ಗಿಸಿ “ನನ್ನಿಂದ ತಪ್ಪಾಯ್ತು” ಎಂದಳು. ತಲೆ ಎತ್ತಿ ಬಾಯಿಪಾಠದ ಮಾತು ಶುರುಮಾಡಿದಳು: “ಆದರೆ ಅಜ್ಜಿ—”

“ಪುನ್ ಸಾನ್,” ಗೌರವದ ‘ಸಾನ್’ ಸೇರಿಸಿಯೇ ಕುಡೋ ಮೆಲ್ಲಗೆ ತಡೆದರು. “ತಪ್ಪಾಯ್ತು ಅಂದ ಮೇಲೆ ‘ಆದರೆ’ ಬರಬಾರದು. ಅದು ನೆಪ ಹೇಳಿದ ಹಾಗೆ.”

ಕಮ್ಸರಿಗೂ ಇದು ಗೊತ್ತಿರಲಿಲ್ಲ. ಕ್ಷಮೆ ಕೇಳಿದರೆ ಬಾಗಿಲು ತೆರೆಯುತ್ತದೆ ಎಂದು ಇಬ್ಬರೂ ಅಂದುಕೊಂಡಿದ್ದರು. ಅಲ್ಲಿ ಅದು ಮುಚ್ಚಿತು. ದೀಲ್‌ಮಾಯಾ ಭಾಷೆ ಬದಲಿಸುವ ಫೋನನ್ನು ಜೇಬಿನಿಂದ ತೆಗೆದಳು.

“ಅದು ಒಳಗಿರಲಿ,” ಎಂದರು ಕುಡೋ. “ಇಂಥಾ ಮಾತು ಯಂತ್ರ ಹೇಳಬಾರದು. ಮನೆಯವರಿಗೆ ಅವಮಾನ.”

ಬಾಯಿಪಾಠ ಮಾಡಿದ್ದು ಅಷ್ಟರಲ್ಲಿ ಹಾರಿಹೋಗಿತ್ತು. ಮಿತ್ಸುಕೊಗೆ ಸಿಟ್ಟಿರಲಿಲ್ಲ. ಮುಂದಕ್ಕೆ ಬಾಗಿ ತಗ್ಗಿದ ದನಿಯಲ್ಲಿ ಏನೋ ಕೇಳಿದರು. ದೀಲ್‌ಮಾಯಾಳಿಗೆ ತಿಳಿದದ್ದು “ಅಮ್ಮ” ಒಂದೇ. ಆ ಮುಖದಲ್ಲಿ ಕುನಿ ಅಜ್ಜಿಯ ಕಣ್ಣುಗಳೇ ಇದ್ದವು. ಬೇಸರ ಮಾಡಬಾರದೆಂದು ಅವಳು ಆ ಕಣ್ಣುಗಳನ್ನೇ ನೋಡುತ್ತ ತಲೆಯಾಡಿಸಿದಳು.

“ಹೌದು.”

ಮಿತ್ಸುಕೊ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಎದ್ದು, ದೀಲ್‌ಮಾಯಾಳಿಗೂ ತಲೆಬಾಗಿ, ಹೊರಟುಹೋದರು. ಹೇಗೋ ತಿಳಿಯಿತಲ್ಲ ಎಂದು ದೀಲ್‌ಮಾಯಾಳಿಗೆ ಸಮಾಧಾನವೇ ಆಯಿತು.

ತೋಮೆ ಅವಳನ್ನು ಬಟ್ಟೆ ಒಗೆಯುವ ಕೋಣೆಗೆ ಎಳೆದುಕೊಂಡು ಹೋದಳು.

“ಅವರೇನು ಕೇಳಿದ್ರು ಗೊತ್ತಾಯ್ತಾ ನಿಂಗೆ?”

“ಹೌದು.”

“ಹೌದಂತೆ, ಹೌದು. ಸುಡಲಿ ನಿನ್ನ ಹೌದು.” ತೋಮೆ ತನ್ನ ಗಂಟಲು ಹಿಡಿದುಕೊಂಡಳು, ಕಣ್ಣು ಮೇಲೆ ಮಾಡಿದಳು, ಹಾಸಿಗೆಯಲ್ಲಿ ಒದ್ದಾಡುವವರ ಹಾಗೆ ಕಾಲು ಆಡಿಸಿದಳು. “ಅಮ್ಮ ಹೀಗೆ ಒದ್ದಾಡಿದ್ಳಾ ಅಂತ ಕೇಳಿದ್ರು ಕಣೇ.”

ದೀಲ್‌ಮಾಯಾ ಅಲ್ಲ ಅಲ್ಲವೆಂದು ಕೈಯಾಡಿಸಿದಳು. ಅಜ್ಜಿಯ ಹಾಗೆ “ನೀರು” ಅಂದು, ಚಮಚ ಎತ್ತಿದಂತೆ ಮಾಡಿದಳು, ತುಟಿ ಚಪ್ಪರಿಸಿದಳು, ತೋಮೆಯ ಒರಟು ಕೈಯನ್ನು ಹಿಡಿದು ಒತ್ತಿದಳು, ಅಂಗೈಯ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದಳು.

ತೋಮೆ ಒಂದೊಂದನ್ನೇ ಬೆರಳು ಮಡಚಿ ಎಣಿಸಿದಳು. “ನೀರು ಬೇಕು ಅಂದ್ಳು. ಕುಡಿದ್ಳು. ನಿದ್ದೆ ಹೋದ ಹಾಗೆ ಹೋದ್ಳು. ಅಷ್ಟೇ ತಾನೆ? ನಂಗೆ ತಿಳೀತಲ್ಲೇ. ಅಲ್ಲಿ ಯಾಕೆ ಕೈ ಕಟ್ಕೊಂಡು ನಿಂತಿದ್ದೆ?”

ಕೈ ಜೋಡಿಸಿ ನಿಲ್ಲಬೇಕೆಂದು ಕಲಿಸಿದ್ದರು, ಅದಕ್ಕೆ. ಅವಳು ಮತ್ತೆ ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿ ತೋರಿಸಿದಳು.

ಇಬ್ಬರೂ ಕುಡೋ ಅವರ ಬಳಿ ಹೋದರು. ತೋಮೆಯೇ ಎಲ್ಲ ಹೇಳಿದಳು. ಕುಡೋ ಕಣ್ಣು ಕೆಳಗೆ ಹಾಕಿ ಕೇಳಿದರು.

“ಮನೆಯವರು ಒಪ್ಪಿಕೊಂಡು ಹೋಗಿದ್ದಾರೆ. ಈಗ ಫೋನ್ ಮಾಡಿ ಅಲ್ಲ ಅಂದ್ರೆ, ನಮ್ಮ ತಪ್ಪು ಮುಚ್ಚೋಕೆ ಸುಳ್ಳು ಹೇಳ್ತಾರೆ ಅಂದ್ಕೋತಾರೆ. ಅಲ್ವಾ ತೋಮೆ ಸಾನ್? ಅವರ ನೋವನ್ನ ಮತ್ತೆ ಕೆದಕೋದು ಬೇಡ.”

“ಸುಳ್ಳಲ್ಲ ಇದು.”

“ನೀವು ಕೋಣೆಯಲ್ಲಿದ್ರಾ?”

ತೋಮೆ ಇರಲಿಲ್ಲ. ನೋಡದ್ದನ್ನು ನೋಡಿದೆ ಎನ್ನುವ ಹೆಂಗಸೂ ಅವಳಲ್ಲ.

ದೀಲ್‌ಮಾಯಾಳ ಕೆಲಸ ಹೋಗಲಿಲ್ಲ. ಹಾಸಿಗೆಯ ಬಳಿ ಹೋಗುವ ಕೆಲಸ ಮಾತ್ರ ತಪ್ಪಿಸಿ, ಅವಳನ್ನು ಅಡುಗೆಕೋಣೆಗೆ ಹಾಕಿದರು. ಸೆಂದಾಯಿಯಲ್ಲಿ ಒಬ್ಬ ಮಗಳು ತನ್ನ ತಾಯಿ ಉಸಿರುಗಟ್ಟಿ ಒದ್ದಾಡಿ ಸತ್ತಳೆಂದು ನಂಬಿಕೊಂಡು ಬದುಕಿರುತ್ತಾಳೆ. ಅಲ್ಲವೆಂದು ಬಲ್ಲವಳು ಇಲ್ಲಿ ಪಾತ್ರೆ ತೊಳೆಯುತ್ತಾಳೆ. ಯಾರು ಏನು ಹೇಳಿದರೂ ಅವಳು ಈಗ ಹೌದು ಅನ್ನುವುದಿಲ್ಲ. ಸುಮ್ಮನೆ ಮುಖ ನೋಡುತ್ತಾಳೆ. ಈ ಹುಡುಗಿಗೆ ಇದ್ದ ಭಾಷೆಯೂ ಮರೆತುಹೋಯಿತು ಎನ್ನುತ್ತಾರೆ ಅಡುಗೆಯವರು.

ಮೂರು ಗಂಟೆಯ ಚಹಾದ ಹೊತ್ತಾಯಿತು. ಅವಳು ಲೋಟಗಳನ್ನು ಸಾಲಾಗಿಟ್ಟು ಚಹಾ ಬಗ್ಗಿಸಿದಳು. ಪುಡಿ ಹಾಕಿ, ಗಂಟು ಕಟ್ಟದಂತೆ ಒಂದೇ ಕಡೆಗೆ ತಿರುಗಿಸುತ್ತ ಕಲಸಿದಳು. ಚಮಚ ಎತ್ತಿ ಓರೆ ಮಾಡಿ ನೋಡಿದಳು. ಚಹಾ ಇನ್ನೂ ತೊಟ್ಟಿಕ್ಕುತ್ತಿತ್ತು. ಇನ್ನಷ್ಟು ಪುಡಿ ಹಾಕಿ ಮತ್ತೆ ಕಲಸತೊಡಗಿದಳು.