ವಾರಗಿತ್ತಿಯ ಅಟ್ಟ

ಹೆತ್ತವಳು ನಾನು, ಮಗಳು ಬಿದ್ದಿದ್ದು ನನ್ನ ವಾರಗಿತ್ತಿ ಹಿಂದೆ. ಇದನ್ನ ನಗುನಗ್ತಾ ಹೇಳೋ ದೊಡ್ಡತನ ನಂಗೆ ಇವತ್ತಿಗೂ ಬಂದಿಲ್ಲ, ಬರೋದೂ ಬೇಡ.

ಆಗ ನಾವು ಶೆಟ್ಟಿಕೆರೆ ಕಡೆ ತೋಟದ ಮನೇಲಿ ಒಟ್ಟಿಗೇ ಇದ್ವಿ. ಅತ್ತೆ, ನಮ್ಮ ಯಜಮಾನರು, ಮೈದುನ, ಮೈದುನನ ಹೆಂಡತಿ. ಎರಡು ಸಾವಿರದ ಇಸವಿ ದಾಟಿ ಮನೆಗೊಂದು ಮೊಬೈಲು ಬಂದಿದ್ದ ಕಾಲ. ನನ್ನ ಮಗಳಿಗೆ ಆರು ತುಂಬಿತ್ತು. ಕರೆದ್ರೆ ತಿರುಗ್ತಿರ್ಲಿಲ್ಲ, ಮುಖ ನೋಡ್ತಿರ್ಲಿಲ್ಲ. ಮುಟ್ಟಿದ್ರೆ ಮನೆ ಹಾರಿಹೋಗೋ ಹಂಗೆ ಕಿರುಚ್ತಿದ್ಲು. ಒಂದು ಕಡೆ ಕೂರೋದಂತೂ ಇಲ್ಲ, ತುತ್ತು ಬಾಯಿಗಿಡೋಷ್ಟರಲ್ಲಿ ಬೇಲಿ ಹತ್ರ ಇರ್ತಿದ್ಲು.

ಅವಳು ಕೂರ್ತಿದ್ದಿದ್ದು ಒಂದೇ ಕಡೆ, ಅಟ್ಟದ ಮೇಲೆ.

ನಮ್ಮ ಕಡೆ ಮರದಿಂದ ಇಳಿಸಿದ ತೆಂಗಿನಕಾಯಿನ ತಕ್ಷಣ ಸುಲಿಯಲ್ಲ. ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ವರ್ಷ ಬಿಡ್ತೀವಿ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆ ಕೊಬ್ಬರಿ ಆಗಬೇಕು. ಆಗಿದೆಯೋ ಇಲ್ವೋ ಅನ್ನೋದು ಕಣ್ಣಿಗೆ ಕಾಣಲ್ಲ. ಎರಡೂ ಕೈಲಿ ಹಿಡಿದು ಕಿವಿ ಹತ್ರ ಅಲ್ಲಾಡಿಸಬೇಕು. ಲೊಟಲೊಟ ಅಂದ್ರೆ ಆಗಿದೆ, ಅನ್ನದಿದ್ರೆ ಮತ್ತೆ ಅಲ್ಲೇ ಇಡಬೇಕು. ಅವಸರಪಟ್ಟು ಒಡೆದ್ರೆ ಅತ್ತ ಕಾಯೂ ಅಲ್ಲ, ಇತ್ತ ಕೊಬ್ಬರೀನೂ ಅಲ್ಲ.

ಆ ಕೆಲಸ ನನ್ನ ವಾರಗಿತ್ತೀದು. ಅವಳು ಕಾಯಿ ಅಲ್ಲಾಡಿಸಿ, ಯಾರ ಮುಖವನ್ನೂ ನೋಡದೆ, "ಇನ್ನೂ ಆಗಿಲ್ಲ" ಅನ್ನೋಳು. ನನ್ನ ಮಗಳು ಅದೇ ಕಾಯಿ ಇಸ್ಕೊಂಡು ಕಿವಿಗೆ ಹಿಡಿದು, ಅದೇ ರಾಗದಲ್ಲಿ, "ಇನ್ನೂ ಆಗಿಲ್ಲ" ಅನ್ನೋಳು. ಅಮ್ಮ ಅಂತ ಒಂದು ದಿನಾನೂ ಅಂದವಳಲ್ಲ, ಆ ಬಾಯಿಂದ ಬರ್ತಿದ್ದ ಮಾತು ಅದೊಂದೇ. ಅದೂ ಕಾಯಿಗೆ! ಕೆಳಗೆ ಮುದ್ದೆ ತಿರುವ್ತಾ ನಿಂತ ನನ್ನ ಹೊಟ್ಟೇಲಿ ಒಲೆಗಿಂತ ಜೋರಾಗಿ ಉರೀತಿತ್ತು.

"ಸಾಕು ಇಳಿಸೇ ಅವಳನ್ನ, ಧೂಳು ಕುಡೀತಾಳೆ" ಅಂತ ಕೂಗ್ತಿದ್ದೆ.

"ಹಾಯಾಗವ್ಳೆ, ಬುಡಿ ಅಕ್ಕಾ" ಅನ್ನೋಳು ಮೇಲಿಂದ.

ಬುಡಿ ಅಂತೆ! ಬುಡೋಕೆ ಅದೇನು ಇವಳ ತೌರಿಂದ ತಂದಿದ್ದಾ?

ಇನ್ನು ನಮ್ಮತ್ತೆ. "ನಮ್ಮ ವಂಶದಲ್ಲಿ ಇಂಥದ್ದು ಇಲ್ಲ ಕಣಮ್ಮ. ಇದು ಅರಳಗುಪ್ಪೆ ರಕ್ತ" ಅಂತ ನನ್ನ ತೌರಿನ ಹೆಸರು ಹಿಡಿದು ಅಂದೇಬಿಟ್ರು. ಮೊದಮೊದಲು ಅತ್ತುಬಿಡ್ತಿದ್ದೆ. ಆಮೇಲಾಮೇಲೆ ಆ ಮಾತು ಯಾಕೋ ಹಿತ ಅನ್ನಿಸೋಕೆ ಶುರುವಾಯ್ತು. ನನ್ನ ರಕ್ತ ಅಂತಾದ್ರೂ ಒಪ್ಕೊಂಡ್ರಲ್ಲ.

ತಿಪಟೂರಲ್ಲಿ ರೈಲು ಹತ್ತಿ ಬೆಂಗಳೂರಿನ ಒಬ್ಬ ಡಾಕ್ಟರಮ್ಮನ ಹತ್ರ ಹೋದ್ವಿ. ಆಟಿಸಂ ಅಂದ್ರು, ಜೊತೆಗೆ ಗಮನ ನಿಲ್ಲದ ತೊಂದರೇನೂ ಇದೆ ಅಂದ್ರು. ಹಾಳೆ ಮೇಲೆ ಎರಡು ಸೊನ್ನೆ ಬರೆದು ತಾಳ್ಮೆಯಿಂದ ಹೇಳಿದ್ರು. ಮೆದುಳಲ್ಲಿ ಒಂದು ಜೀವಕೋಶ ಇನ್ನೊಂದನ್ನ ಮುಟ್ಟೋದಿಲ್ವಂತೆ. ನಡುವೆ ಕಣ್ಣಿಗೆ ಕಾಣದಷ್ಟು ಸಂದು. ಈ ಕಡೆಯಿಂದ ರಾಸಾಯನಿಕ ಹೊರಡ್ತದೆ, ಆ ಕಡೆ ಹಿಡ್ಕೋತದೆ, ಮಾತುಕತೆ ಅಂದ್ರೆ ಅದೇ. ಸಂದಿನ ಎರಡು ದಡದಲ್ಲೂ ಪ್ರೋಟೀನುಗಳು ಕೈ ಕೈ ಹಿಡ್ಕೊಂಡು ಜಾಗ ಕಾಯ್ತವೆ. ಆ ಪ್ರೋಟೀನು ಮಾಡೋ ವಿದ್ಯೆ ಜೀನಲ್ಲಿರ್ತದೆ. ಜೀನಲ್ಲಿ ಒಂದು ಚೂರು ಇಲ್ದಿದ್ರೆ ಪ್ರೋಟೀನು ಅರೆಬರೆ ಆಗ್ತದೆ. ಆಗ ಒಂದು ಸುದ್ದಿ ಕಿರುಚಿದ ಹಂಗೆ ದಾಟ್ತದೆ, ಇನ್ನೊಂದು ದಾಟೋದೇ ಇಲ್ಲ. "ಎಲ್ಲ ಮಕ್ಕಳಲ್ಲೂ ಇದೇ ಕಾರಣ ಅಲ್ಲ ಕಣಮ್ಮ, ನಮಗೂ ಗೊತ್ತಿಲ್ದೇ ಇರೋದೇ ಜಾಸ್ತಿ" ಅಂತಾನೂ ಅಂದ್ರು.

ನಂಗೆ ಆ ಪ್ರೋಟೀನುಗಳ ಮೇಲೂ ಹೊಟ್ಟೆ ಉರೀತು. ನನ್ನ ಒಂದು ಬೆರಳು ಹಿಡೀದ ಮಗು, ತಲೆಯೊಳಗೆ ಯಾರ್ಯಾರೋ ಕೈ ಕೈ ಹಿಡ್ಕೊಂಡು ನಿಂತವ್ರಂತೆ!

ಜೀನು ನೋಡೋಕೆ ಅಂತ ನಮ್ಮ ಮೂರೂ ಜನರ ರಕ್ತ ತಗೊಂಡ್ರು. ಯಜಮಾನರು ಸೂಜಿ ನೋಡಲಾರ್ದೆ ಕಣ್ಣು ಮುಚ್ಕೊಂಡ್ರು. ನಾನು ಕಣ್ಣು ಬಿಟ್ಕೊಂಡೇ ಬೇಡ್ಕೊಂಡೆ. ಶಿವನೇ, ಆ ಚೂರು ನನ್ನಲ್ಲೂ ಇಲ್ದೇ ಇರ್ಲಪ್ಪ. ಊರೋರು ಏನಾದ್ರೂ ಅನ್ಲಿ. ನನ್ನಿಂದ ಅವಳಿಗೆ ಹೋಗಿದ್ದು ಅಂತ ಒಂದಾದ್ರೂ ಇರ್ಲಿ, ವಾರಗಿತ್ತಿ ಅಟ್ಟ ಹತ್ತಿ ಕಿತ್ಕೊಳ್ಳೋಕೆ ಆಗದಂಥದ್ದು.

ತಿಂಗಳುಗಳಾದ ಮೇಲೆ ಕರೆದು ಹೇಳಿದ್ರು. ಮಗಳಲ್ಲಿ ಆ ಜೀನಿನ ಒಂದು ಚೂರು ಇಲ್ಲ. ಅಪ್ಪ ಅಮ್ಮ ಇಬ್ಬರಲ್ಲೂ ಸರಿಯಾಗಿದೆ. ಅವಳಲ್ಲೇ ಹೊಸದಾಗಿ ಆಗಿರೋದು, ಯಾರ ತಪ್ಪೂ ಅಲ್ಲ. ಯಜಮಾನರು ಉಸ್ಸಂತ ಉಸಿರು ಬಿಟ್ರು. ನಾನು ಗೊಳೋ ಅಂತ ಅತ್ತೆ. ಸಮಾಧಾನಕ್ಕೆ ಅಳ್ತಾಳೆ ಅಂದ್ಕೊಂಡ್ರೋ ಏನೋ, ಡಾಕ್ಟರಮ್ಮ ನೀರು ಕೊಟ್ರು.

"ಹಂಗಾದ್ರೆ ಇವಳಲ್ಲಿ ನಂದು ಅಂತ ಏನೂ ಇಲ್ವಾ ಡಾಕ್ಟ್ರೇ?"

"ಅಯ್ಯೋ, ಉಳಿದಿದ್ದರಲ್ಲಿ ಅರ್ಧ ನಿಮ್ಮದೇ ಅಲ್ವೇನಮ್ಮ" ಅಂದ್ರು.

ಅರ್ಧ ಕಟ್ಕೊಂಡು ಏನ್ ಮಾಡ್ಲಿ? ಮನೆಗೆ ಬಂದಾಗ ವಾರಗಿತ್ತಿ ಬಾಗಿಲಲ್ಲೇ, "ಏನಂದ್ರು ಅಕ್ಕಾ?" ಅಂತ ಕೇಳಿದ್ಲು. "ನಿಂಗ್ಯಾಕೆ? ನೀನೇನು ರಕ್ತ ಕೊಟ್ಟಿದ್ಯಾ?" ಅಂದೆ. ಅವಳು ಒಳಗೆ ಹೋದ್ಲು.

ಮಾರನೇ ದಿನ ಅವಳು ಕೆಂಕೆರೆಗೆ, ತೌರಿಗೆ ಹೋದ್ಲು. ಮಗಳು ಒಬ್ಬಳೇ ಅಟ್ಟ ಹತ್ತಿದ್ಲು. ನಾನೂ ಏಣಿ ಹತ್ತಿದೆ. ಯಾವತ್ತಿನ ಹಂಗೆ ನೋಡು ಇಲ್ಲಿ, ಅಮ್ಮನ್ನ ನೋಡು ಅಂತ ಗೋಗರೆಯೋಕೆ ಆವತ್ತು ನಂಗೆ ತ್ರಾಣ ಇರ್ಲಿಲ್ಲ. ಗೋಡೆಗೆ ಒರಗಿ ಒಂದು ಕಾಯಿ ತಗೊಂಡು ಅಲ್ಲಾಡಿಸಿದೆ, ಇಟ್ಟೆ. ಇನ್ನೊಂದು ತಗೊಂಡೆ. ಅವಳು ದೂರ ಸರಿದಿದ್ದವಳು ಒಂದೊಂದೇ ಕಾಯಿ ದಾಟ್ಕೊಂಡು ಹತ್ರ ಬಂದ್ಲು. ಬಂದವಳು ನನ್ನ ಕೈಲಿದ್ದ ಕಾಯಿ ತಗೊಳ್ಳಲಿಲ್ಲ. ಎರಡೂ ಕೈಲಿ ನನ್ನ ತಲೆ ಹಿಡ್ಕೊಂಡ್ಲು, ತನ್ನ ಕಿವಿ ಹತ್ರ ಎಳ್ಕೊಂಡ್ಲು, ಗಟ್ಟಿಯಾಗಿ ಅಲ್ಲಾಡಿಸಿದ್ಲು. ಅವಳ ಕೆನ್ನೆ ನನ್ನ ಹಣೆಗೆ ತಾಗ್ತಿತ್ತು. ಕೇಳಿಸ್ಕೊಂಡ್ಲು.

"ಇನ್ನೂ ಆಗಿಲ್ಲ" ಅಂದು, ನನ್ನ ತಲೆನ ಜೋಪಾನವಾಗಿ ಬಿಟ್ಟು, ಪಕ್ಕದ ಕಾಯಿಗೆ ಹೋದ್ಲು.

ವಾರಗಿತ್ತಿ ಬಂದ ದಿನ ಅವಳಿನ್ನೂ ಬ್ಯಾಗು ಇಳಿಸಿರ್ಲಿಲ್ಲ. "ನಿನ್ನ ತಲೆ ಯಾವತ್ತಾದ್ರೂ ಹಿಡಿದು ಅಲ್ಲಾಡಿಸಿದ್ಲಾ?" ಅಂತ ಕೇಳಿದೆ.

"ಇಲ್ಲ ಅಕ್ಕಾ. ನನ್ನನ್ನ ಯಾವತ್ತೂ ಮುಟ್ಟಿಲ್ಲ" ಅಂದ್ಲು. ಅವಳ ಮುಖ ಸಣ್ಣದಾಯ್ತು. ಆ ಮುಖ ನಂಗೆ ಚೆನ್ನಾಗಿ ಗೊತ್ತಿತ್ತು. ಅಷ್ಟು ವರ್ಷ ಏಣಿ ಬುಡದಲ್ಲಿ ನಿಂತು ನಾನು ಹೊತ್ತಿದ್ದ ಮುಖ ಅದೇ.