ರಿಬ್ಬನ್ ಮಂಚ

"ಹಿಡೀರಿ, ಹಿಡೀರಿ!" ಅನ್ನುವಷ್ಟರಲ್ಲಿ ಹರಿಹರದಿಂದ ಬಂದಿದ್ದ ಹಿರಿಯರು ನಮ್ಮ ಮಂಚದೊಳಗೆ ಇಳಿದುಹೋಗಿದ್ದರು. ಮಂಡಿ ಮೂಗಿಗೆ ಬಂದಿತ್ತು. ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಮಾತ್ರ ಬಿಟ್ಟಿರಲಿಲ್ಲ.

ಅವರು ನಮ್ಮಕ್ಕನನ್ನು ನೋಡಲು ಬಂದ ಹುಡುಗನ ಸೋದರಮಾವ. ಅವರು ಹೂಂ ಅಂದರೆ ಮದುವೆ, ಇಲ್ಲದಿದ್ದರೆ ಇಲ್ಲ. ಅಕ್ಕನಿಗೆ ಹುಡುಗನ ಫೋಟೊ ನೋಡಿದಾಗಲೇ ಮನಸ್ಸಾಗಿತ್ತು.

ನಾನು ನಿಟ್ಟುವಳ್ಳಿಯಲ್ಲಿ ಬ್ಯಾಗ್ ಹೊಲಿಯುವವನು. ಮನೆಯ ಮಂಚದ ಪಟ್ಟಿ ಸವೆದಿತ್ತು. ಹೊಸದಾಗಿ ಹೆಣೆಯೋಣ ಎಂದು ಒಂದು ಸುರುಳಿ ನವಾರ ತಂದಿದ್ದೆ. ದಪ್ಪ ನೂಲು, ಬಿಗಿ ನೇಯ್ಗೆ, ಬ್ಯಾಗಿನ ಹೆಗಲಪಟ್ಟಿಯಂಥದ್ದು. ಎಮ್ಮೆ ಕಟ್ಟಿದರೂ ಹರಿಯದು. ಚಿಕ್ಕಮ್ಮ ಮೂಗು ಮುರಿದರು.

"ಥೂ, ಗೋಣಿಚೀಲದಂಗೈತೆ. ಬೀಗರು ಬರ್ತಾರ. ಗುಲಾಬಿ ರಿಬ್ಬನ್ ಹಾಕು, ಮಿಂಚ್ತೈತೆ."

"ಚಿಕ್ಕಮ್ಮ, ರಿಬ್ಬನ್ ಜಡೆಗೆ ಕಟ್ಟೋದು. ಅದರ ಮ್ಯಾಲೆ ಬೆಕ್ಕು ಮಲಗಿದ್ರೂ ಕೆಳಗ್ ಬೀಳ್ತೈತೆ."

"ಅಗಲ ಎರಡೂ ಒಂದೇ ಐತಲ್ಲ! ಬ್ಯಾಗ್ ಹೊಲ್ಯೋನಿಗೆ ಚಂದ ಏನ್ ತಿಳಿತೈತೆ? ಹೇಳಿದ್ದು ಮಾಡಲೇ."

ಮಾಡಿದೆ. ಬರೀ ರಿಬ್ಬನ್ನಲ್ಲೇ ಹೆಣೆದೆ. ಅದು ನೋಡುವುದಕ್ಕಷ್ಟೇ, ಯಾರನ್ನೂ ಕೂರಿಸಬೇಡ ಎಂದು ಚಿಕ್ಕಮ್ಮ ಹೇಳಿದ್ದರು. ಬೀಗರು ಬಂದಾಗ ಕುರ್ಚಿಯೂ ಖಾಲಿ ಇತ್ತು. ಆದರೂ ನಾನೇ ಮಾವನವರಿಗೆ, "ಮಂಚದ ಮ್ಯಾಲೆ ಆರಾಮಾಗಿ ಕೂಡ್ರಿ" ಅಂದೆ. ರಿಬ್ಬನ್ ಕುಸಿದಾಗ ಚಿಕ್ಕಮ್ಮನ ಮುಖ ನೋಡುವ ಆಸೆ. ಅಕ್ಕನ ಮದುವೆ ನೆನಪಾದದ್ದು ಅವರು ಕೂತ ಮೇಲೆ.

ಕೈ ಹಿಡಿದು ಎಳೆದರೆ ಬರಲಿಲ್ಲ. ಮೂಲೆಯಲ್ಲಿದ್ದ ನವಾರ ತಂದು ಅವರ ಕಂಕುಳಡಿ ಹಾಯಿಸಿ, ನಾನೊಂದು ತುದಿ, ಹುಡುಗ ಇನ್ನೊಂದು ತುದಿ ಹಿಡಿದು ಎತ್ತಿದೆವು. ಸೊಂಟಕ್ಕೆ ಗುಲಾಬಿ ರಿಬ್ಬನ್ ಸುತ್ತಿಕೊಂಡೇ ಮೇಲೆ ಬಂದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ ಕಿಸಕ್ಕನೆ ನಕ್ಕುಬಿಟ್ಟಳು.

ಮಾವ ನವಾರವನ್ನು ಎಳೆದೆಳೆದು ನೋಡಿದರು. "ಇದು ಇದ್ದಾಗ ಅದನ್ಯಾಕ ಹಾಕ್ದಿ?"

"ಚಿಕ್ಕಮ್ಮ ಚಂದ ಕೇಳಿದ್ರು."

"ನಿನಗೆ ಗೊತ್ತಿತ್ತಲ್ಲ? ಮತ್ಯಾಕ ನನ್ನ ಕೂಡ್ಸಿದಿ?"

"ಗೊತ್ತಿತ್ರಿ. ನಂದೇ ತಪ್ಪು. ಅಕ್ಕಂದೇನಿಲ್ರಿ."

"ನಕ್ಕಿದ್ದು ಅವಳೇ ಅಲ್ಲೇನು?" ಅಂದವರು ಸೊಂಟದ ರಿಬ್ಬನ್ ನೋಡಿಕೊಂಡು ತಾವೇ ನಕ್ಕರು. "ನಮ್ ಮನ್ಯಾಗೂ ಒಂದ್ ಹಳೇ ಮಂಚ ಐತೆ. ಮದ್ವೆಗೆ ಮುಂಚೆ ಬಂದು ಈ ನವಾರದಾಗೇ ಹೆಣಿ. ಮೊದ್ಲು ನಿಮ್ ಚಿಕ್ಕಮ್ಮನ್ನ ಕೂಡ್ಸಿ ನೋಡೋಣ."

ಮದುವೆಗೆ ಮುಂಚೆಯೇ ಹರಿಹರಕ್ಕೆ ಹೋಗಿ ಹೆಣೆದೆ. ಚಿಕ್ಕಮ್ಮ ಕೂತರು. ನವಾರ ಮಿಸುಕಲಿಲ್ಲ.